ಹಿಂದಕ್ಕೆ ನಡೆಯುವ ಐಲರ್ಟ್

ನಮ್ಮ ಮನೆಯ ಕೆಳಗಿನ ಮಹಡಿಯಲ್ಲಿರುವ ಐಲರ್ಟ್ ಬೇರ್ಮನ್ ಊರು ತೋರಿಸುವ ಗೈಡು. ಬ್ರೆಮೆನ್‌ಗೆ ಬರುವ ಜನರನ್ನು ರೈಲು ನಿಲ್ದಾಣದ ಬಾಗಿಲಲ್ಲಿ ಎದುರುಗೊಂಡು ಸಂಜೆ ಅದೇ ಬಾಗಿಲಲ್ಲಿ ಬಿಟ್ಟು ಬರುವುದು ಅವನ ಕೆಲಸ. ನಡುವಿನ ಹೊತ್ತೆಲ್ಲ ಅವನು ಜನರ ಕಡೆ ಮುಖ ಮಾಡಿಕೊಂಡು ಹಿಂದಕ್ಕೆ ನಡೆಯುತ್ತಾನೆ. ಟ್ರಾಮಿನ ಕಂಬಿ ಬರಲಿ, ಸೈಕಲ್ಲಿನ ದಾರಿ ಬರಲಿ, ಕಲ್ಲುಹಾಸಿನ ಏರುಪೇರು ಬರಲಿ, ಅವನು ತಿರುಗಿ ನೋಡುವುದಿಲ್ಲ. ಎಡವಿದ್ದನ್ನು ಯಾರೂ ಕಂಡಿಲ್ಲ.

ಮನೆಯಲ್ಲೂ ಅವನು ಕೂರುವುದು ಕಡಿಮೆ. ಕಾಫಿಯನ್ನು ಕಿಟಕಿಯ ಹತ್ತಿರ ನಿಂತೇ ಕುಡಿಯುತ್ತಾನೆ. ಬ್ರೆಡ್ಡನ್ನು ಕೈಯಲ್ಲಿ ಹಿಡಿದು ಅಡುಗೆಮನೆಗೂ ಹೊರಕೋಣೆಗೂ ಓಡಾಡುತ್ತ ತಿನ್ನುತ್ತಾನೆ. ಆ ಹೆಜ್ಜೆಗಳ ಸದ್ದು ನಮಗೆ ಮೇಲೆ ಕೇಳಿಸುತ್ತದೆ. ಅವನ ಅಪ್ಪ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವರು, ದಿನವೆಲ್ಲ ಒಂದು ಗಾಜಿನ ಗೂಡಿನಲ್ಲಿ ಕೂತಿರುತ್ತಿದ್ದರು. ಅಪ್ಪ ಕೂತದ್ದೆಲ್ಲ ಮಗ ನಡೆದು ತೀರಿಸುತ್ತಿದ್ದಾನೆ ಎಂದು ಅವನ ತಾಯಿ ಮೇಟಾ ಹೇಳುತ್ತಾರೆ. ಅವನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಲು ಸೇರಿ ಅರ್ಧಕ್ಕೆ ಬಿಟ್ಟ. ಗ್ರಂಥಾಲಯದಲ್ಲಿ ಅವನು ಕಾಲು ಕುಣಿಸುವುದನ್ನು ತಾಳಲಾರದೆ ಪಕ್ಕದವರು ಬೇರೆ ಮೇಜಿಗೆ ಹೋಗುತ್ತಿದ್ದರಂತೆ.

ವೀಬ್ಕೆ ಎಂಬ ಹುಡುಗಿ ಕೆಲವು ವರ್ಷ ಅವನ ಜೊತೆ ಇದ್ದಳು. ಮೇ ತಿಂಗಳಲ್ಲಿ ಮದುವೆ ಎಂದು ದಿನವೂ ಗೊತ್ತಾಗಿತ್ತು. ಚಳಿಗಾಲ ಮುಗಿಯುವ ಮೊದಲೇ ಅವಳು ತನ್ನ ಪೆಟ್ಟಿಗೆಗಳನ್ನು ಕೆಳಗಿಳಿಸಿದಳು. ಜಗಳವೇನೂ ಕೇಳಿಸಲಿಲ್ಲ. ಮೆಟ್ಟಿಲ ಮೇಲೆ ನಿಂತು ಅವಳು ಹೇಳಿದ ಒಂದು ಮಾತು ಮಾತ್ರ ಎಲ್ಲ ಮಹಡಿಗಳಿಗೂ ಕೇಳಿಸಿತು.

“ನೀನು ಯಾವತ್ತೂ ನನ್ನ ಜೊತೆ ನಡೆದೇ ಇಲ್ಲ ಐಲರ್ಟ್. ನನ್ನ ಮುಂದೆ ನಡೀತೀಯ, ಅದೂ ಹಿಂದಕ್ಕೆ. ನಾನೇನು ಟೂರಿಸ್ಟಾ?”

ಐಲರ್ಟ್ ಅವಳ ಪೆಟ್ಟಿಗೆಯೊಂದನ್ನು ಎತ್ತಿಕೊಂಡು ಅವಳಿಗಿಂತ ಮುಂದೆ ಇಳಿದುಹೋದ.

ಹೀಗೆ ಅವನಿಗೆ ಮದುವೆಯಾಗದೆ ಮೂವತ್ತು ತುಂಬುವುದು ಖಚಿತವಾಯಿತು. ನಮ್ಮಲ್ಲಿ ಇದು ಸುಮ್ಮನೆ ಕಳೆದುಹೋಗುವ ಹುಟ್ಟುಹಬ್ಬವಲ್ಲ. ಮದುವೆಯಾಗದೆ ಮೂವತ್ತು ತುಂಬಿದ ಗಂಡಸು ಪೇಟೆಚೌಕದ ದೊಡ್ಡ ಚರ್ಚಿನ ಮೆಟ್ಟಿಲು ಗುಡಿಸಬೇಕು. ಗೆಳೆಯರು ಮೆಟ್ಟಿಲ ತುಂಬ ಬಿಯರ್ ಬಾಟಲಿಯ ಮುಚ್ಚಳ ಸುರಿಯುತ್ತಾರೆ. ಅವನ ತಲೆಗೆ ಎತ್ತರದ ಕರಿಟೋಪಿ ಇಟ್ಟು ಕೈಗೆ ಮೋಟು ಪೊರಕೆ ಕೊಡುತ್ತಾರೆ. ಗುಡಿಸಿದಷ್ಟೂ ಮತ್ತೆ ಸುರಿಯುತ್ತಾರೆ. ಪಕ್ಕದಲ್ಲಿ ಒಬ್ಬ ಹಿಡಿ ತಿರುಗಿಸುತ್ತ ಹಾಡುಪೆಟ್ಟಿಗೆ ನುಡಿಸುತ್ತಾನೆ. ಮದುವೆಯಾಗದ ಹೆಣ್ಣೊಬ್ಬಳು ಬಂದು ಮುತ್ತು ಕೊಟ್ಟರೆ ಅವನಿಗೆ ಬಿಡುಗಡೆ. ಹೆಂಗಸರಾದರೆ ಪೊರಕೆಯ ಬದಲು ಬಟ್ಟೆಚೂರು ಹಿಡಿದು ಚರ್ಚಿನ ಬಾಗಿಲ ಹಿಡಿ ಉಜ್ಜಬೇಕು, ಗಂಡಸೊಬ್ಬ ಬಂದು ಮುತ್ತು ಕೊಡುವ ತನಕ. ಶನಿವಾರ ಬಂತೆಂದರೆ ಅಲ್ಲಿ ಯಾರಾದರೊಬ್ಬರು ಬೆವರುತ್ತಿರುತ್ತಾರೆ, ಊರು ನೋಡಲು ಬಂದವರು ಫೋಟೋ ತೆಗೆಯುತ್ತಿರುತ್ತಾರೆ.

ಐಲರ್ಟ್ ಇದನ್ನು ತನ್ನ ಗುಂಪುಗಳಿಗೆ ಎಷ್ಟು ಸಲ ಹೇಳಿದ್ದಾನೋ. ಕೇಳುವವರಲ್ಲಿ ಒಬ್ಬರಾದರೂ, ಯಾರೂ ಬರದಿದ್ದರೆ ಏನು ಗತಿ ಎಂದು ಕೇಳಿಯೇ ಕೇಳುತ್ತಾರೆ. ಅವನ ಉತ್ತರ ಸಿದ್ಧವಾಗಿರುತ್ತಿತ್ತು.

“ಕತ್ತಲಾಗೋ ತನಕ ಗುಡಿಸ್ತಾನೆ. ಆಮೇಲೆ ಅವನ ಅಮ್ಮ ಬರ್ತಾರೆ.”

ಜನ ನಗುತ್ತಿದ್ದರು. ಆದರೆ ಅದು ಅವನು ಕಟ್ಟಿದ ಮಾತಲ್ಲ, ಕಣ್ಣಾರೆ ಕಂಡದ್ದು. ಅವನು ಚಿಕ್ಕವನಿದ್ದಾಗ ಅವನ ಚಿಕ್ಕಪ್ಪ ಓಲ್ಟ್‌ಮನ್ ಗುಡಿಸಿದ್ದರು. ಐಲರ್ಟ್ ಅಪ್ಪನ ಹೆಗಲ ಮೇಲೆ ಕೂತು ನೋಡಿದ. ಮೊದಲು ಎಲ್ಲರೂ ನಗುತ್ತಿದ್ದರು. ಹೊತ್ತು ಹೋದಂತೆ ನಗು ಕಡಿಮೆಯಾಯಿತು. ಗೆಳೆಯರು ಕುಡಿದು ಒಬ್ಬೊಬ್ಬರೇ ಜಾರಿದರು, ಹಾಡುಪೆಟ್ಟಿಗೆ ತಿರುಗಿಸುವವನು ಪೆಟ್ಟಿಗೆಗೆ ಮುಸುಕು ಹಾಕಿಕೊಂಡು ಹೋದ. ಓಲ್ಟ್‌ಮನ್ ಮಾತ್ರ ಗುಡಿಸುತ್ತಲೇ ಇದ್ದರು. ಕೊನೆಗೆ ಅಜ್ಜಿ ಕೈಚೀಲವನ್ನು ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಮಗನ ಹಣೆಗೆ ಮುತ್ತಿಟ್ಟು, “ಬಾ, ಮನೆಗೆ ಹೋಗೋಣ” ಎಂದರು. ಮನೆಯವರು ಅದನ್ನು ಪ್ರತಿ ಕ್ರಿಸ್‌ಮಸ್‌ಗೂ ಹೇಳಿಕೊಂಡು ನಗುತ್ತಿದ್ದರು. ಓಲ್ಟ್‌ಮನ್ ಕೂಡ ನಗುತ್ತಿದ್ದರು. ಆದರೆ ಆಮೇಲೆ ಅವರು ಪೇಟೆಚೌಕ ದಾಟಿ ಹೋದದ್ದನ್ನು ಐಲರ್ಟ್ ಕಂಡಿಲ್ಲ. ಯಾವಾಗಲೂ ಸುತ್ತುದಾರಿ ಹಿಡಿಯುತ್ತಿದ್ದರು.

ಇಲ್ಲಿಂದ ಮುಂದಿನದನ್ನು ಐಲರ್ಟ್ ನಮ್ಮ ಅಡುಗೆಮನೆಯಲ್ಲಿ ನಿಂತು ಹೇಳಿದ್ದು, ಅವನ ಗೆಳೆಯ ಹಿನ್ನರ್ಕ್ ಹೇಳಿದ್ದು, ಎರಡನ್ನೂ ಸೇರಿಸಿ ಬರೆದಿದ್ದೇನೆ. ಇಬ್ಬರ ಮಾತೂ ಕೂಡದ ಕಡೆ ಐಲರ್ಟ್ ಹೇಳಿದ್ದನ್ನು ಉಳಿಸಿಕೊಂಡಿದ್ದೇನೆ.

ಹಿನ್ನರ್ಕ್ ಶಾಲೆಯಿಂದಲೂ ಅವನ ಗೆಳೆಯ, ಲಾರಿ ರಿಪೇರಿ ಮಾಡುವವನು. ಹುಟ್ಟುಹಬ್ಬಕ್ಕೆ ಮೊದಲಿನ ವಾರ ಫೋನ್ ಮಾಡಿದ.

“ಶನಿವಾರ ನಾಲ್ಕು ಗಂಟೆಗೆ. ಟೋಪಿ ನಾನು ತರ್ತೀನಿ. ನಿನ್ನ ತಲೆ ಅಳತೆ ಎಷ್ಟೋ?”

“ನಂಗೆ ಶನಿವಾರ ಕೆಲಸ ಇದೆ.”

“ಹುಟ್ಟಿದ ದಿನ ಕೆಲಸ ಹಚ್ಕೊಂಡಿದ್ದೀಯಾ?”

“ಹೆಂಗಸರ ಗುಂಪು ಬರ್ತಿದೆ. ಸಂಜೆ ತನಕ ಆಗುತ್ತೆ.”

“ಅವರನ್ನೂ ಕರ್ಕೊಂಡು ಬಾ. ತೋಟದ ಮನೇಲಿ ಸ್ನಾನದ ತೊಟ್ಟಿ ತುಂಬ ಮುಚ್ಚಳ ಕೂಡಿಸಿಟ್ಟಿದ್ದೀನಿ ಕಣೋ. ಎರಡು ವರ್ಷ ನಾನು ಬಿಯರ್ ಕುಡಿದಿದ್ದು ನಿನಗೋಸ್ಕರ.”

“ನೀನು ಕುಡಿದಿದ್ದು ನಿನಗೋಸ್ಕರ.”

“ಅದೂ ನಿಜ ಅನ್ನು. ಮುತ್ತು ಕೊಡೋಕೆ ಯಾರಿಗಾದ್ರೂ ಹೇಳಿಡ್ಲಾ? ನಮ್ಮಕ್ಕನ ಮಗಳಿದಾಳೆ.”

ಹೆಚ್ಚಿನವರಿಗೆ ಹೀಗೇ ಯಾರಾದರೂ ಮೊದಲೇ ಗೊತ್ತಾಗಿರುತ್ತಾರೆ. ಐಲರ್ಟ್‌ಗೆ ಅದು ತಿಳಿಯದ ವಿಷಯವೇನಲ್ಲ.

“ಯಾರಿಗೂ ಹೇಳ್ಬೇಡ,” ಎಂದ. “ನಾನು ಬರಲ್ಲ.”

“ಬರ್ತೀಯ,” ಎಂದು ಹಿನ್ನರ್ಕ್ ಫೋನ್ ಇಟ್ಟ.

ಶನಿವಾರ ಬೆಳಗ್ಗೆ ನಿಲ್ದಾಣದಲ್ಲಿ ಇಳಿದವರು ದೂರದ ಸಾವರ್‌ಲಾಂಡ್ ಗುಡ್ಡಗಳ ಒಂದು ಊರಿನ ಹೆಂಗಸರು. ಗುಂಡು ಉರುಳಿಸಿ ಒಂಬತ್ತು ಗೂಟ ಬೀಳಿಸುವ ಆಟ ಆಡುತ್ತಾರಲ್ಲ, ಅದರ ಕ್ಲಬ್ಬಿನವರು. ವಾರಕ್ಕೊಮ್ಮೆ ಆಟ, ವರ್ಷಕ್ಕೊಮ್ಮೆ ಪ್ರವಾಸ. ಎಲ್ಲರೂ ಅರವತ್ತು ದಾಟಿದವರು, ಎಲ್ಲರಿಗೂ ಒಂದೇ ಹಳದಿ ಜಾಕೆಟ್. ಮುಂದಾಳು ಫ್ರಾವ್ ಕ್ಲಾಪ್ರೋಟ್, ಕೊರಳಲ್ಲಿ ಸೀಟಿ ನೇತುಹಾಕಿಕೊಂಡ ದಪ್ಪ ಹೆಂಗಸು.

“ಹೆರ್ ಬೇರ್ಮನ್, ನಮ್ಮ ಬೇಡಿಕೆ ಹೆಚ್ಚೇನಿಲ್ಲ,” ಎಂದರು. “ಅಂಗಡಿ, ಊಟ, ಆಮೇಲೆ ಚರ್ಚು. ಇವರಿಗೆ ಚರ್ಚಿನ ಆರ್ಗನ್ ಕೇಳ್ಬೇಕಂತೆ, ದಾರಿಯುದ್ದಕ್ಕೂ ಅದನ್ನೇ ಯೋಚಿಸ್ಕೊಂಡು ಬಂದಿದಾರೆ.”

ಅವರು ಬೆರಳು ತೋರಿಸಿದ್ದು ಗುಂಪಿನ ಹಿಂದೆ ನಿಂತಿದ್ದ ಸಣ್ಣ ಮುದುಕಿಯನ್ನು.

“ಸಾಧ್ಯವಾದ್ರೆ ಮಾತ್ರ,” ಎಂದರು ಮುದುಕಿ. “ಶನಿವಾರ ಮಧ್ಯಾಹ್ನದ ಮೇಲೆ ನುಡಿಸ್ತಾರೆ ಅಂತ ಪೇಪರಲ್ಲಿ ಓದಿದ್ದೆ. ನಂಗೋಸ್ಕರ ಯಾರೂ ತೊಂದ್ರೆ ತಗೋಬೇಡಿ.”

“ಫ್ರಾವ್...?”

“ಫ್ರಾಯ್ಲೈನ್ ಟಿಗ್ಗೆಸ್.”

ಮದುವೆಯಾಗದ ಹೆಂಗಸರನ್ನು ಫ್ರಾಯ್ಲೈನ್ ಎನ್ನುವುದು ನಮ್ಮಲ್ಲಿ ಎಂದೋ ನಿಂತುಹೋಗಿದೆ. ಈಗ ಗಂಡಸರೆಲ್ಲ ಹೆರ್, ಹೆಂಗಸರೆಲ್ಲ ಫ್ರಾವ್. ಆದರೆ ಟಿಗ್ಗೆಸ್ ಅದನ್ನು ಬಿಟ್ಟುಕೊಟ್ಟಿರಲಿಲ್ಲ. ತಮ್ಮ ಊರಿನ ಪುಟ್ಟ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು, ಬೆರಳು ಸೆಟೆದುಕೊಂಡ ಮೇಲೆ ಬಿಟ್ಟವರು. ನಮ್ಮ ಚರ್ಚಿನ ಆರ್ಗನ್ನಿನ ಕೊಳವೆಗಳಲ್ಲಿ ದೊಡ್ಡವು ಮನುಷ್ಯ ಒಳಗೆ ನಿಲ್ಲುವಷ್ಟು ಇವೆಯಂತೆ, ಹೌದೇ ಎಂದು ಕೇಳಿದರು. ಐಲರ್ಟ್ ಹೌದೆಂದ. ಆಗಲೇ ಅವನ ಕಾಲು ನಿಲ್ಲುತ್ತಿರಲಿಲ್ಲ.

ನಿಲ್ದಾಣದಿಂದ ನೇರ ನಡೆದರೆ ಬೇಗನೆ ಪೇಟೆಚೌಕ ಬಂದುಬಿಡುತ್ತದೆ. ಅವನು ಗಾಳಿಗಿರಣಿಯ ಉದ್ಯಾನದಲ್ಲಿ ಎಡಕ್ಕೆ ತಿರುಗಿ, ಹಳೆಯ ಕೋಟೆ ಕಾಲುವೆಯ ದಂಡೆಗುಂಟ ಬಾತುಕೋಳಿ ತೋರಿಸುತ್ತ ಇಡೀ ಊರನ್ನು ಬಳಸಿ ಕರೆದುಕೊಂಡು ಹೋದ. ಬಾತುಕೋಳಿಯ ಬಗ್ಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಆದರೆ ಚರ್ಚಿಗೆ ಎರಡು ಗೋಪುರ, ಎರಡೂ ಎತ್ತರ. ಮರಗಳ ನಡುವೆ ಒಮ್ಮೆ, ಟ್ರಾಮ್ ತಂತಿಗಳ ಮೇಲೆ ಒಮ್ಮೆ, ಎಲ್ಲಿ ಹೋದರೂ ಇಣುಕುತ್ತಿದ್ದವು.

“ಅದೇ ಅಲ್ವಾ ಚರ್ಚು?” ಎಂದು ಒಬ್ಬರು ಕೇಳಿದರು.

“ಅದೇ. ಆಮೇಲೆ.”

ಶ್ನೋರ್ ಎಂಬ ಹಳೆಯ ಕೇರಿಯ ಓಣಿಗಳಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಅಲ್ಲಿಯೂ ಅವನು ಹಿಂದಕ್ಕೇ ನಡೆದ. ಹೆಂಗಸರು ಅಂಗಡಿ ಅಂಗಡಿಗೂ ನುಗ್ಗಿದರು. ಕತ್ತೆ, ನಾಯಿ, ಬೆಕ್ಕು, ಹುಂಜ ಒಂದರ ಬೆನ್ನ ಮೇಲೊಂದು ನಿಂತಿರುವ ಗೊಂಬೆ ನಮ್ಮ ಊರಿನ ಗುರುತು. ಅದನ್ನು ಗಾಜಿನಲ್ಲಿ, ಮರದಲ್ಲಿ, ಸೋಪಿನಲ್ಲಿ, ಚಾಕಲೇಟಿನಲ್ಲಿ ಮಾಡಿ ಮಾರುತ್ತಾರೆ. ಫ್ರಾವ್ ಕ್ಲಾಪ್ರೋಟ್ ಸೋಪಿನದನ್ನು ಕೊಂಡರು.

“ಅಳಿಯನಿಗೆ,” ಎಂದರು. “ಅವನಿಗೆ ಎರಡೂ ಬೇಕು. ಬುದ್ಧಿಗೆ ಕತ್ತೆ, ಮೈಗೆ ಸೋಪು.”

ಫ್ರಾಯ್ಲೈನ್ ಟಿಗ್ಗೆಸ್ ಪುದೀನದ ಮಿಠಾಯಿ ಕಡ್ಡಿಯೊಂದನ್ನು ತೆಗೆದುಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತರು. ಐಲರ್ಟ್ ಗಡಿಯಾರ ನೋಡಿಕೊಂಡು, “ಹೊರಡೋಣ, ಹೊರಡೋಣ” ಎಂದ. ಎಲ್ಲಿಗೆಂದು ಅವನಿಗೂ ಗೊತ್ತಿರಲಿಲ್ಲ. ನದಿಯ ದಂಡೆಗೆ ಇಳಿಸಿದ, ಮತ್ತೆ ಹತ್ತಿಸಿದ. ಪಿಂಗಾಣಿ ಗಂಟೆಗಳು ತಾವೇ ಬಾರಿಸಿಕೊಳ್ಳುವ ಕೆಂಪು ಇಟ್ಟಿಗೆಯ ಬೀದಿಗೆ ನದಿಯ ಕಡೆಯಿಂದ ಕರೆತಂದ. ಗಂಟೆ ನಿಂತ ಮೇಲೆ ಎಲ್ಲರೂ ಮುಂದೆ ಹೋಗುತ್ತಾರೆ, ಯಾಕೆಂದರೆ ಆ ಬೀದಿಯ ಮೇಲಿನ ತುದಿ ಪೇಟೆಚೌಕಕ್ಕೆ ತೆರೆಯುತ್ತದೆ. ಐಲರ್ಟ್ ಅವರನ್ನು ಬಂದ ದಾರಿಗೇ ತಿರುಗಿಸಿದ.

“ಆ ಕಡೆ ಏನಿದೆ?” ಎಂದರು ಫ್ರಾವ್ ಕ್ಲಾಪ್ರೋಟ್.

“ಚೌಕ. ಊರು ಕಾಯೋ ವೀರ ರೋಲಾಂಡನ ಕಲ್ಲಿನ ಪ್ರತಿಮೆ. ಅದರ ಸುತ್ತ ಈಗ ಅಟ್ಟಣೆ ಕಟ್ಟಿದಾರೆ, ಏನೂ ಕಾಣಲ್ಲ.”

ಗುಂಪಿನಲ್ಲಿ ಉದ್ದನೆಯವರೊಬ್ಬರು ತುದಿಗಾಲಲ್ಲಿ ನಿಂತು ನೋಡಿದರು. “ಮೊಣಕಾಲು ಚೆನ್ನಾಗೇ ಕಾಣ್ತಿದೆಯಲ್ಲ. ತಲೆನೂ ಕಾಣ್ತಿದೆ.”

“ಹಿಂದುಗಡೆ ಕಟ್ಟಿದಾರೆ,” ಎಂದ ಐಲರ್ಟ್. ಊರಿನ ಬಗ್ಗೆ ಅವನು ಜನರಿಗೆ ಹೇಳಿದ ಮೊದಲ ಸುಳ್ಳು ಅದು ಎನ್ನುತ್ತಾನೆ. ಫ್ರಾವ್ ಕ್ಲಾಪ್ರೋಟ್ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಸೀಟಿ ಊದಿದರು.

ಊಟಕ್ಕೆ ನದಿದಂಡೆಯ ಒಂದು ಹೋಟೆಲು. ಮಧ್ಯಾಹ್ನ ಆಗಲೇ ಇಳಿಯುತ್ತಿತ್ತು. ಎಲ್ಲರಿಗೂ ಕ್ನಿಪ್ ಹೇಳಿದರು. ಮಾಂಸ, ಓಟ್ಸ್ ಕಲಸಿ ಹೆಂಚಿನ ಮೇಲೆ ಗರಿಗರಿ ಮಾಡಿದ್ದು, ಪಕ್ಕಕ್ಕೆ ಬೇಯಿಸಿ ಅರೆದ ಸೇಬು, ಉಪ್ಪುಸೌತೆ. ಐಲರ್ಟ್‌ಗೆ ಗುಂಪಿನ ಜೊತೆ ಕೂರುವ ಪದ್ಧತಿ ಇಲ್ಲ, ಅವನು ಕಂಬಕ್ಕೆ ಒರಗಿ ನಿಂತಿದ್ದ. ತಟ್ಟೆಗಳನ್ನು ತೋಳಿನ ಮೇಲೆ ಸಾಲಾಗಿ ಇಟ್ಟುಕೊಂಡು ಬಂದ ತಾಲ್ಕೆ ಎಂಬುವಳು ಅಲ್ಲಿ ಬಹಳ ದಿನದಿಂದ ಕೆಲಸ ಮಾಡುವವಳು.

“ಐಲರ್ಟ್, ಹುಟ್ಟುಹಬ್ಬದ ಶುಭಾಶಯ,” ಎಂದಳು. “ನಿನ್ನೆಯೇ ನಿನ್ನ ನೋಡ್ದೆ, ಹೇಳೋಕೆ ಬಾಯಿಗೆ ಬಂದಿತ್ತು. ದಿನಕ್ಕೆ ಮುಂಚೆ ಹೇಳಿದ್ರೆ ಒಳ್ಳೇದಾಗಲ್ಲ ಅಂತ ಸುಮ್ನಿದ್ದೆ. ಮೂವತ್ತಲ್ವಾ? ಗುಡಿಸೋದು ಎಷ್ಟು ಗಂಟೆಗೆ?”

ಹೆಂಗಸರ ಫೋರ್ಕುಗಳೆಲ್ಲ ಒಟ್ಟಿಗೆ ನಿಂತವು.

“ಗುಡಿಸೋದಾ?” ಎಂದರು ಒಬ್ಬರು.

ತಾಲ್ಕೆ ಅವನು ಸನ್ನೆ ಮಾಡಿದ್ದನ್ನು ನೋಡದೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಕರಿಟೋಪಿ, ಮುಚ್ಚಳ, ಮೆಟ್ಟಿಲು, ಮುತ್ತು.

“ಓಹೋ,” ಎಂದರು ಫ್ರಾವ್ ಕ್ಲಾಪ್ರೋಟ್. “ಇದಕ್ಕೇನಾ ನಮ್ಮನ್ನ ಬೆಳಗ್ಗೆಯಿಂದ ಕುರಿ ಅಟ್ಟಿದ ಹಾಗೆ ಅಟ್ಟಿದ್ದು? ಮೂರು ಸಲ ಅದೇ ಬಾತುಕೋಳಿ ನೋಡಿದ್ವಲ್ರೀ.”

“ನಮ್ಮೂರಲ್ಲಿ ಇಪ್ಪತ್ತೈದಕ್ಕೇ ಬಾಗಿಲಿಗೆ ಹಳೇ ಕಾಲುಚೀಲದ ಹಾರ ಕಟ್ತಾರೆ,” ಎಂದರು ಇನ್ನೊಬ್ಬರು. “ನನ್ನ ತಮ್ಮನ ಮನೆಗೆ ಕಟ್ಟಿದ್ದು ಇನ್ನೂ ಹಾಗೇ ಇದೆ. ಈಗ ಅದರಲ್ಲಿ ಹಕ್ಕಿ ಗೂಡು ಕಟ್ಟಿದೆ.”

ನಗು ಎದ್ದಿತು. ಐಲರ್ಟ್ ನಗಲಿಲ್ಲ. ಫ್ರಾವ್ ಕ್ಲಾಪ್ರೋಟ್ ತಮ್ಮ ಪಕ್ಕದ ಕುರ್ಚಿಯನ್ನು ಕಾಲಿನಿಂದ ಹೊರಗೆ ತಳ್ಳಿದರು.

“ಕೂತ್ಕೊಳ್ಳಿ. ಪೊರಕೆಗೆ ಹೆದರೋ ಮುಖ ಅಲ್ಲ ಇದು. ಏನು ವಿಷಯ?”

ಅವನು ಕುರ್ಚಿಯ ತುದಿಯಲ್ಲಿ ಕೂತು ಚಿಕ್ಕಪ್ಪ ಓಲ್ಟ್‌ಮನ್ನರ ಸಂಗತಿ ಹೇಳಿದ. ಇಷ್ಟು ವರ್ಷ ನಗೆಮಾತಾಗಿ ಹೇಳಿದ್ದನ್ನು ಅಂದು ನಗೆಯಿಲ್ಲದೆ ಹೇಳಿದ. ಅಜ್ಜಿ ಮೆಟ್ಟಿಲು ಹತ್ತಿದ್ದನ್ನೂ, ಚಿಕ್ಕಪ್ಪ ಸುತ್ತುದಾರಿ ಹಿಡಿಯುತ್ತಿದ್ದದ್ದನ್ನೂ.

“ನಂಗೂ ಯಾರೂ ಬರಲ್ಲ,” ಎಂದ. “ಬರೋಳು ಹೋದಳು. ಊರಿಗೆಲ್ಲ ಅದು ಗೊತ್ತು. ನಮ್ಮಮ್ಮ ಬೆಳಗ್ಗೆಯೇ ಒಳ್ಳೇ ಕೋಟು ತೆಗೆದಿಟ್ಟಿದಾರೆ.”

ಉದ್ದನೆಯವರು ಸೇಬಿನ ಬಟ್ಟಲನ್ನು ಅವನ ಕಡೆ ಸರಿಸಿದರು.

“ನಮ್ಮಲ್ಲಿ ಯಾರಾದ್ರೂ ಕೊಡಬಹುದಿತ್ತು,” ಎಂದರು ಫ್ರಾವ್ ಕ್ಲಾಪ್ರೋಟ್. “ಆದ್ರೆ ನಾನು ಎರಡು ಸಲ ಮದುವೆ ಆದವಳು. ಇವರೆಲ್ಲ ಒಂದೊಂದು ಸಲ. ಯಾರೂ ಲೆಕ್ಕಕ್ಕೆ ಬರಲ್ಲ. ಹೋಗ್ಲಿ ಬಿಡಿ, ಚರ್ಚು ಇನ್ನೊಂದು ಸಲ ನೋಡಿದ್ರಾಯ್ತು. ಇಲ್ಲೇ ಕೂತು ಒಂದು ಸಿಹಿ ಹೇಳೋಣ, ಆಮೇಲೆ ರೈಲಿಗೆ.”

ಎಲ್ಲರೂ ತಲೆಯಾಡಿಸಿದರು. ಐಲರ್ಟ್‌ಗೆ ಬೆಳಗ್ಗೆಯಿಂದ ಬೇಕಾಗಿದ್ದದ್ದು ಇದೇ. ಕೆಳಗೆ ಬಿದ್ದ ಕೈವಸ್ತ್ರ ಎತ್ತಿಕೊಳ್ಳಲು ಬಗ್ಗಿದ. ಮೇಜಿನ ಕೆಳಗೆ ಫ್ರಾಯ್ಲೈನ್ ಟಿಗ್ಗೆಸ್ ಒಂದು ಶೂ ಕಳಚಿದ್ದರು. ಕಾಲುಚೀಲದ ಹಿಮ್ಮಡಿ ಒದ್ದೆಯಾಗಿ ಕಂದುಬಣ್ಣ ತಿರುಗಿತ್ತು. ಬೊಕ್ಕೆ ಎದ್ದು ಒಡೆದಿತ್ತು. ಅವನ ಸುತ್ತುದಾರಿಯನ್ನೆಲ್ಲ ಅವರು ಆ ಕಾಲಿನಲ್ಲಿ ನಡೆದಿದ್ದರು.

ಅವನು ತಲೆಯೆತ್ತಿದಾಗ ಅವರು ಅವನನ್ನೇ ನೋಡುತ್ತಿದ್ದರು.

“ಪರವಾಗಿಲ್ಲ ಹೆರ್ ಬೇರ್ಮನ್,” ಎಂದರು ಮೆಲ್ಲಗೆ. “ರೇಡಿಯೋದಲ್ಲಿ ಆಗಾಗ ಬರುತ್ತೆ.”

ಐಲರ್ಟ್ ಎದ್ದ. ಕಿಟಕಿಯ ತನಕ ಹೋದ, ತಿರುಗಿ ಬಂದ, ಮತ್ತೆ ಹೋದ. ತಾಲ್ಕೆ ತಟ್ಟೆ ಹಿಡಿದು ಅವನ ಸುತ್ತ ಹಾದುಹೋಗಬೇಕಾಯಿತು. ಕೊನೆಗೆ ಅವನು, “ಸಿಹಿ ಬೇಡ. ಟ್ರಾಮಲ್ಲಿ ಹೋಗೋಣ, ಇವರು ನಡೆಯೋದು ಬೇಡ” ಎಂದ.

“ಎಲ್ಲಿಗೆ?”

“ಆರ್ಗನ್ ಕೇಳೋಕೆ.”

ಚರ್ಚಿನ ಮೆಟ್ಟಿಲ ಮೇಲೆ ಹಿನ್ನರ್ಕ್ ಬೇಸತ್ತು ಕೂತಿದ್ದ. ಇನ್ನಷ್ಟು ಗೆಳೆಯರಿದ್ದರು, ಬಾಡಿಗೆಗೆ ತಂದ ಹಾಡುಪೆಟ್ಟಿಗೆಯವನಿದ್ದ, ಕೆಳಗೆ ಒಳ್ಳೆಯ ಕೋಟು ತೊಟ್ಟು ಕೈಚೀಲ ಹಿಡಿದ ಮೇಟಾ ಇದ್ದರು. ಹಳದಿ ಜಾಕೆಟ್ಟುಗಳ ನಡುವೆ ಐಲರ್ಟ್ ಬಂದದ್ದು ಕಂಡು ಹಿನ್ನರ್ಕ್ ಎದ್ದ.

“ಬರ್ತೀಯ ಅಂತ ಹೇಳಿರ್ಲಿಲ್ವಾ? ಕಾವಲುಪಡೆ ಬೇರೆ ತಂದಿದೀಯ.”

“ಮೊದಲು ಇವರನ್ನ ಒಳಗೆ ಕಳಿಸ್ತೀನಿ. ಬಾಗಿಲು ತೆರೆದಿದೆಯಾ?”

“ಒಳಗೆ ಏನೋ ಪ್ರಾರ್ಥನೆ ನಡೀತಿದೆ. ಮುಗಿದ ಮೇಲೆ ತೆಗೀತಾರಂತೆ. ಅಲ್ಲೀತನಕ ಗುಡ್ಸು.”

ಟೋಪಿ ಸಡಿಲವಾಗಿತ್ತು, ಕಿವಿ ತನಕ ಇಳಿಯಿತು. ತೊಟ್ಟಿಯಲ್ಲಿದ್ದ ಮುಚ್ಚಳಗಳನ್ನು ಚೀಲಗಳಲ್ಲಿ ತಂದಿದ್ದರು. ಮೊದಲ ಚೀಲ ಸುರಿದಾಗ ಪೇಟೆಚೌಕವೆಲ್ಲ ತಿರುಗಿ ನೋಡಿತು. ಪೊರಕೆಯ ಹಿಡಿ ಎಷ್ಟು ಮೋಟು ಎಂದರೆ ನಡು ಬಗ್ಗಿಸದೆ ನೆಲ ಮುಟ್ಟುತ್ತಿರಲಿಲ್ಲ. ಹಾಡುಪೆಟ್ಟಿಗೆ ಹಾಡತೊಡಗಿತು. ಅದಕ್ಕೆ ಇದ್ದದ್ದು ಒಂದೇ ಹಾಡು.

ಐಲರ್ಟ್ ಬೇಗ ಬೇಗ ಗುಡಿಸಿದ. ಬೇಗ ಗುಡಿಸಿದಷ್ಟೂ ಅವರು ಬೇಗ ಸುರಿದರು. ಜನ ಕೂಡಿದರು. ಬೇರೆ ಗೈಡೊಬ್ಬ ತನ್ನ ಗುಂಪಿಗೆ, “ಇವತ್ತು ನಿಮ್ಮ ಅದೃಷ್ಟ” ಎಂದು ಆರಂಭಿಸಿ ಪದ್ಧತಿಯನ್ನೆಲ್ಲ ವಿವರಿಸಿದ. ಆ ಗುಂಪಿನಲ್ಲಿ ಯಾರೋ, ಯಾರೂ ಬರದಿದ್ದರೆ ಏನು ಮಾಡುತ್ತಾರೆ ಎಂದು ಕೇಳಿದರು. ಗೈಡು ಹೇಳಿದ ಉತ್ತರ ಐಲರ್ಟ್‌ನಿಂದಲೇ ಕಲಿತದ್ದು. ಜನ ನಕ್ಕರು.

ಹುಡುಗಿಯರಿಬ್ಬರು ಒಬ್ಬರನ್ನೊಬ್ಬರು ತಳ್ಳಾಡಿಕೊಂಡು ಎರಡು ಮೆಟ್ಟಿಲು ಹತ್ತಿ, ಫೋಟೋ ತೆಗೆದುಕೊಂಡು ಇಳಿದುಹೋದರು. ಆಮೇಲೆ ಯಾರೂ ಹತ್ತಲಿಲ್ಲ. ನಿಂತಿದ್ದವರು ಹೋಗಿ ಬೇರೆಯವರು ಬಂದರು, ಅವರೂ ಹೋದರು. ಹಿನ್ನರ್ಕ್ ಚೀಲ ಸುರಿಯುವ ನೆಪದಲ್ಲಿ ಹತ್ತಿರ ಬಂದ. ಅವನ ಮುಖದಲ್ಲೂ ಈಗ ನಗುವಿರಲಿಲ್ಲ.

“ಯಾರಿಗೂ ಹೇಳಿಟ್ಟಿಲ್ಲ ಮಾರಾಯ. ನೀನೇ ಬೇಡ ಅಂದೆ. ಅಕ್ಕನ ಮಗಳಿಗೆ ಫೋನ್ ಮಾಡ್ದೆ, ಅವಳು ಹ್ಯಾಂಡ್‌ಬಾಲ್ ಆಡೋಕೆ ಬೇರೆ ಊರಿಗೆ ಹೋ‌ಗಿದಾಳೆ. ಏನ್ಮಾಡೋಣ?”

“ಸುರಿ,” ಎಂದ ಐಲರ್ಟ್.

ಕೆಳಗೆ ಮೇಟಾ ಕೈಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಒಂದು ಮೆಟ್ಟಿಲು ಹತ್ತಿದರು. ಐಲರ್ಟ್ ಪೊರಕೆ ನಿಲ್ಲಿಸಿ ತಾಯಿಯ ಕಡೆ ನೋಡಿ ಬೇಡವೆಂದು ತಲೆಯಾಡಿಸಿದ. ಅವರು ಅದೇ ಮೆಟ್ಟಿಲಲ್ಲಿ ನಿಂತರು. ಇಳಿಯಲೂ ಇಲ್ಲ, ಹತ್ತಲೂ ಇಲ್ಲ.

ಆಗ ಮೇಲೆ, ಬಾಗಿಲು ತೆರೆಯಲೆಂದು ಹೆಂಗಸರು ಕಾಯುತ್ತಿದ್ದ ಕಡೆಯಿಂದ, ಫ್ರಾವ್ ಕ್ಲಾಪ್ರೋಟರ ದನಿ ಕೇಳಿಸಿತು.

“ಏನು ಮಾಡ್ತಿದೀರಿ ನೀವು?”

ಫ್ರಾಯ್ಲೈನ್ ಟಿಗ್ಗೆಸ್ ಚರ್ಚಿನ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದರು. ಒಂದು ಶೂ ಕಂಕುಳಲ್ಲಿತ್ತು. ತಮ್ಮ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಬಾಗಿಲಿನ ಲೋಹದ ಹಿಡಿಯನ್ನು ಉಜ್ಜುತ್ತಿದ್ದರು. ಎಷ್ಟೋ ಹೆಂಗಸರು ಉಜ್ಜಿ ಅದು ಮೊದಲೇ ಹೊಳೆಯುತ್ತಿತ್ತು. ಆದರೂ ಅವರು ಮೇಲಿನಿಂದ ಕೆಳಕ್ಕೆ, ಒಂದು ಕಡೆಯೂ ಬಿಡದಂತೆ, ಸೆಟೆದ ಬೆರಳುಗಳಲ್ಲಿ ಉಜ್ಜುತ್ತಿದ್ದರು.

“ನಮ್ಮೂರಲ್ಲಿ ಈ ಪದ್ಧತಿ ಇಲ್ಲವಲ್ಲ,” ಎಂದರು ತಿರುಗದೆ. “ನಂಗೆ ಮೂವತ್ತಾದಾಗ ಯಾರೂ ಬಟ್ಟೆ ಕೊಡ್ಲಿಲ್ಲ. ಬಾಕಿ ಉಳಿದಿತ್ತು.”

ಕ್ಲಬ್ಬಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊಟದ ಮೇಜಿನಲ್ಲಿ ಮದುವೆಯಾದವರನ್ನೆಲ್ಲ ಎಣಿಸುವಾಗ ಯಾರಿಗೂ ಇವರ ನೆನಪಾಗಿರಲಿಲ್ಲ. ಫ್ರಾವ್ ಕ್ಲಾಪ್ರೋಟ್ ಸೀಟಿಯನ್ನು ಜಾಕೆಟ್ಟಿನೊಳಗೆ ಹಾಕಿಕೊಂಡರು. ಕೆಳಗೆ ನಿಂತಿದ್ದ ಜನರಲ್ಲಿ ಒಬ್ಬ, “ಇವರಿಗೆ ಯಾರಪ್ಪಾ ಬರ್ತಾರೆ?” ಎಂದ. ಕೆಲವರು ನಕ್ಕರು.

ಆ ನಗು ಐಲರ್ಟ್‌ಗೆ ಗುರುತಿನದು. ಅವನು ಪೊರಕೆ ಹಿಡಿದುಕೊಂಡೇ ಮೆಟ್ಟಿಲು ಹತ್ತತೊಡಗಿದ. ಮುಚ್ಚಳಗಳು ಶೂ ಕೆಳಗೆ ಜಾರುತ್ತಿದ್ದವು, ಆದ್ದರಿಂದ ನೋಡಿ ನೋಡಿ ಕಾಲಿಡಬೇಕಾಯಿತು.

“ಎಲ್ಲಿಗೋ?” ಎಂದ ಹಿನ್ನರ್ಕ್. “ನಿನಗಿನ್ನೂ ಬಿಡುಗಡೆ ಆಗಿಲ್ಲ. ಮೆಟ್ಟಿಲು ಬಿಟ್ಟು ಹೋಗೋ ಹಾಗಿಲ್ಲ.”

“ಬಿಟ್ಟು ಎಲ್ಲಿ ಹೋದೆ? ಬಾಗಿಲು ಮೆಟ್ಟಿಲ ಮೇಲೇ ಇದೆ.”

“ಗುಡಿಸೋವನೇ ಹೋಗಿ ಇನ್ನೊಬ್ಬರನ್ನ ಬಿಡಿಸಿದ್ದು ಯಾವತ್ತೂ ಕಂಡಿಲ್ಲಪ್ಪ.”

“ಕೂಡದು ಅಂತ ಎಲ್ಲಿದೆ?”

ಹಿನ್ನರ್ಕ್ ಗೆಳೆಯರ ಕಡೆ ನೋಡಿದ. ಯಾರಿಗೂ ಗೊತ್ತಿರಲಿಲ್ಲ.

ಐಲರ್ಟ್ ಬಾಗಿಲ ಹತ್ತಿರ ಬಂದು ಟೋಪಿ ತೆಗೆದ. ಫ್ರಾಯ್ಲೈನ್ ಟಿಗ್ಗೆಸ್ ಉಜ್ಜುವುದನ್ನು ನಿಲ್ಲಿಸಿ, ಕೆನ್ನೆ ಅವನ ಕಡೆ ತಿರುಗಿಸಿ ಕಣ್ಣು ಮುಚ್ಚಿಕೊಂಡರು. ಅವನು ಬಗ್ಗಿ ಮುತ್ತು ಕೊಟ್ಟ.

“ನಿಮಗೆ ಬಿಡುಗಡೆ ಆಯ್ತು ಫ್ರಾಯ್ಲೈನ್ ಟಿಗ್ಗೆಸ್.”

“ನೆಟ್ಟಗಾಗ್ಬೇಡಿ, ಬಗ್ಗಿದ ಹಾಗೇ ಇರಿ,” ಎಂದರು ಅವರು. “ನಂಗೆ ಎಟುಕಲ್ಲ.”

ಅವರು ಅವನ ಗಲ್ಲ ಹಿಡಿದು ಎಡ ಕೆನ್ನೆಗೆ ಮುತ್ತಿಟ್ಟರು. ಅವರ ಬಾಯಿಂದ ಪುದೀನ ಮಿಠಾಯಿಯ ವಾಸನೆ ಬಂತು.

ಹಾಡುಪೆಟ್ಟಿಗೆ ಅದೇ ಹಾಡನ್ನು ಹಾಡುತ್ತಲೇ ಇತ್ತು. ಹಿನ್ನರ್ಕ್ ತಲೆ ಕೆರೆದುಕೊಂಡ. “ಇದು ಲೆಕ್ಕಕ್ಕೆ ಬರುತ್ತಾ? ಅಂದ್ರೆ, ನಿಯಮದ ಪ್ರಕಾರ...”

“ಬರುತ್ತೆ,” ಎಂದರು ಫ್ರಾವ್ ಕ್ಲಾಪ್ರೋಟ್. “ಇವರ ಜೊತೆ ಗುಂಡು ಉರುಳಿಸ್ತಾ ಮುದುಕಿ ಆದವಳು ನಾನು. ಇವರ ಬಗ್ಗೆ ನನ್ನ ಗ್ಯಾರಂಟಿ. ನಿಮ್ಮೂರಲ್ಲಿ ಇವತ್ತು ಇದಕ್ಕಿಂತ ಒಳ್ಳೇದು ಸಿಗ್ತಿರ್ಲಿಲ್ಲ. ಆ ಪೆಟ್ಟಿಗೆ ನಿಲ್ಸಿ ಮಾರಾಯರೇ, ತಲೆ ನೋಯ್ತಿದೆ.”

ಆಗ ಜನ ಚಪ್ಪಾಳೆ ತಟ್ಟಿದರು. ಮೇಟಾ ಮೆಟ್ಟಿಲ ಮೇಲೆಯೇ ಕೂತು ಕೈಚೀಲದಿಂದ ಕರವಸ್ತ್ರ ತೆಗೆದರು. ಹಾಡುಪೆಟ್ಟಿಗೆ ನಿಂತ ಮೇಲೆ ಒಳಗಿನಿಂದ ಬೇರೊಂದು ನಾದ ಕೇಳಿಸಿತು. ಮೊದಲು ಅದು ಕಿವಿಗಿಂತ ಹೆಚ್ಚಾಗಿ ಬಾಗಿಲ ಹಿಡಿಯ ಮೇಲಿದ್ದ ತನ್ನ ಕೈಗೆ ತಿಳಿಯಿತು ಎಂದು ಐಲರ್ಟ್ ಹೇಳುತ್ತಾನೆ. ಫ್ರಾಯ್ಲೈನ್ ಟಿಗ್ಗೆಸ್ ಅಂಗೈಯನ್ನು ಬಾಗಿಲಿಗೆ ಒತ್ತಿ ನಿಂತರು.

“ದೊಡ್ಡ ಕೊಳವೆ,” ಎಂದರು.

ಪ್ರಾರ್ಥನೆ ಮುಗಿದು ಬಾಗಿಲು ತೆರೆಯಿತು. ಅವರು ಅವನ ತೋಳು ಹಿಡಿದು ಒಳಗೆ ಹೋದರು. ಆರ್ಗನ್ ಮುಗಿಯುವ ತನಕ ಐಲರ್ಟ್ ಅವರ ಪಕ್ಕದ ಬೆಂಚಿನಲ್ಲಿ ಕೂತಿದ್ದ. ಕಾಲು ಕುಣಿಯುತ್ತಿತ್ತು. ಅವರು ಒಂದು ಸಲ ಅವನ ಮೊಣಕಾಲಿನ ಮೇಲೆ ಕೈಯಿಟ್ಟರು. ಸ್ವಲ್ಪ ಹೊತ್ತು ನಿಂತಿತು, ಆಮೇಲೆ ಮತ್ತೆ ಕುಣಿಯಿತು. ಅವರು ಕೈ ತೆಗೆಯಲಿಲ್ಲ.

ಹೊರಗೆ ಬಂದು ಉಳಿದ ಮುಚ್ಚಳಗಳನ್ನು ಅವನೇ ಗುಡಿಸಿದ. ಬಿಡುಗಡೆಯಾದರೂ ಮೆಟ್ಟಿಲು ಶುಚಿ ಮಾಡಿಯೇ ಹೋಗಬೇಕು. ಹಿನ್ನರ್ಕ್ ಚೀಲ ಹಿಡಿದುಕೊಂಡ, ಮೇಟಾ ಮೂಲೆಯಲ್ಲಿ ಸಿಕ್ಕಿದ್ದನ್ನು ಕೈಯಿಂದ ಆರಿಸಿದರು.

ಆಮೇಲೆ ಎಲ್ಲರೂ ನಿಲ್ದಾಣದ ಕಡೆ ಹೊರಟರು. ಟ್ರಾಮ್ ಬರುವುದಕ್ಕೆ ಹೊತ್ತಿತ್ತು, ಫ್ರಾಯ್ಲೈನ್ ಟಿಗ್ಗೆಸ್ ನಡೆಯುತ್ತೇನೆ ಎಂದರು. ಕಾಲಿಗೆ ಪಟ್ಟಿ ಹಾಕಿಯಾಗಿತ್ತು. ಐಲರ್ಟ್ ಅವರ ತೋಳು ಬಿಡಲಿಲ್ಲ, ಆದ್ದರಿಂದ ಗುಂಪಿನ ಮುಂದೆ ಹೋಗಲಾಗಲಿಲ್ಲ. ಅವರಿಬ್ಬರೂ ಎಲ್ಲರಿಗಿಂತ ಹಿಂದೆ, ಒಂದು ಅಂಗಡಿಯ ಕಿಟಕಿಯಿಂದ ಇನ್ನೊಂದು ಅಂಗಡಿಯ ಕಿಟಕಿಗೆ ನಿಲ್ಲುತ್ತ ನಡೆದರು. ಮುಂದೆ ದಾರಿ ತೋರಿಸುವವರಿಲ್ಲದೆ ಹಳದಿ ಜಾಕೆಟ್ಟುಗಳು ಗಾಳಿಗಿರಣಿಯ ಹತ್ತಿರ ತಪ್ಪಿ ಬಲಕ್ಕೆ, ಕಾಲುವೆಯ ಕಡೆಗೆ ತಿರುಗಿದವು.

“ಹೆರ್ ಬೇರ್ಮನ್,” ಎಂದು ಫ್ರಾವ್ ಕ್ಲಾಪ್ರೋಟ್ ದೂರದಿಂದ ಕೂಗಿದರು, “ಮತ್ತೆ ಅದೇ ಬಾತುಕೋಳಿ.”